ಮಲೆನಾಡಿನಿಂದ ಹೊರದೇಶಕ್ಕೆ ನಿಮ್ಮ ಬೈಕು: ಕಾಗದ, ಪೆಟ್ಟಿಗೆ, ಬಂದರು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಲಡಾಖ್ ಸುತ್ತಿ ಬಂದವರೆಲ್ಲ ಆಮೇಲೆ ಕೇಳುವುದು ಒಂದೇ ಪ್ರಶ್ನೆ: "ನನ್ನ ಗಾಡಿಯಲ್ಲೇ ಹೊರದೇಶ ಸುತ್ತಬೇಕು. ಗಾಡಿ ಕಳಿಸೋದು ಹೇಗೆ, ಎಷ್ಟಾಗುತ್ತೆ?" ಎಷ್ಟಾಗುತ್ತದೆ ಎಂದು ಒಂದು ಅಂಕಿ ಹೇಳಿಬಿಟ್ಟರೆ ಅದು ಮುಂದಿನ ತಿಂಗಳಿಗೇ ಸುಳ್ಳಾಗುತ್ತದೆ. ಲೆಕ್ಕ ಹಾಕುವ ಬಗೆಯನ್ನು ಮಾತ್ರ ಹೇಳಬಲ್ಲೆ, ಕೆಳಗೆ ಹೇಳಿದ್ದೇನೆ. ಆದರೆ ಒಂದು ಮಾತನ್ನು ಈಗಲೇ ತಿಳಿದುಕೊಳ್ಳಿ. ಗಾಡಿಯನ್ನು ಹಡಗು ಹತ್ತಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಆ ಕಡೆ ಬಂದರಿನಲ್ಲಿ ಬಿಡಿಸಿಕೊಳ್ಳುವುದು ಕಷ್ಟ, ವಾಪಸು ತಂದಾಗ "ಹೋದ ಗಾಡಿಯೇ ಬಂದಿದೆ" ಎಂದು ತೋರಿಸುವುದು ಇನ್ನೂ ಕಷ್ಟ. ಎರಡಕ್ಕೂ ನೆರವಾಗುವುದು ಇಲ್ಲಿಂದ ಹೊರಡುವ ಮೊದಲು ಸರಿಮಾಡಿಕೊಂಡ ಕಾಗದವೇ.

ಹೊರಡುವ ದಿನಕ್ಕೆ ನಾಲ್ಕು ತಿಂಗಳ ಮುಂಚೆ ಶುರು ಮಾಡಿ. ಅಡಿಕೆ ಕೊಯ್ಲು ಮುಗಿಸಿ ಹೊರಡುತ್ತೇನೆ ಎನ್ನುವವರು ಗಣಪತಿ ಹಬ್ಬದ ಹೊತ್ತಿಗೆ ಕಡತ ಕೈಗೆ ಎತ್ತಿಕೊಂಡಿರಬೇಕು.

1. ಮೊದಲು ದೇಶಗಳ ಪಟ್ಟಿ, ಆಮೇಲೆ ಹಡಗು

ನೇಪಾಳ, ಭೂತಾನಕ್ಕೆ ಹಡಗು ಬೇಡ, ರಸ್ತೆಯಲ್ಲೇ ಹೋಗಿಬರಬಹುದು. ಅದರಾಚೆಗೆ ಒಂದೊಂದು ದೇಶದ್ದು ಒಂದೊಂದು ನಿಯಮ. ಪ್ರವಾಸಿಯ ಗಾಡಿಯನ್ನು ಸುಂಕ ಕಟ್ಟಿಸಿಕೊಳ್ಳದೆ ಸ್ವಲ್ಪ ಕಾಲ ಒಳಗೆ ಬಿಟ್ಟುಕೊಳ್ಳುವುದಕ್ಕೆ ತಾತ್ಕಾಲಿಕ ಆಮದು ಎನ್ನುತ್ತಾರೆ. ಇರಾನ್, ಈಜಿಪ್ಟ್, ಆಸ್ಟ್ರೇಲಿಯಾದಂಥ ಕಡೆ ಇದಕ್ಕೆ ಕಾರ್ನೆ ಎಂಬ ಖಾತರಿ ಪುಸ್ತಕ ಬೇಕು. ಯುರೋಪಿನ ಒಕ್ಕೂಟದ ದೇಶಗಳಿಗೆ ಅದು ಬೇಡ. ಅಲ್ಲಿಯ ನಿವಾಸಿಯಲ್ಲದ ಪ್ರವಾಸಿ ತನ್ನ ಗಾಡಿಯನ್ನು ಸಾಮಾನ್ಯವಾಗಿ ಆರು ತಿಂಗಳು ಇಟ್ಟುಕೊಳ್ಳಬಹುದು. ದಕ್ಷಿಣ ಅಮೆರಿಕದ ಬಹುತೇಕ ದೇಶಗಳು ಗಡಿಯಲ್ಲೇ ಒಂದು ಅನುಮತಿ ಚೀಟಿ ಕೊಡುತ್ತವೆ. ಥಾಯ್ಲೆಂಡ್ 2016ರಿಂದ ಹೊರಗಿನ ಗಾಡಿಗಳಿಗೆ ಮುಂಚಿತ ಅನುಮತಿ ಕೇಳುತ್ತಿದೆ. ಚೀನಾದಲ್ಲಿ ಸ್ಥಳೀಯ ಮಾರ್ಗದರ್ಶಿ ಜೊತೆಗಿರಲೇಬೇಕು, ಅಲ್ಲಿಯದೇ ತಾತ್ಕಾಲಿಕ ನಂಬರು, ಪರವಾನಗಿ ಮಾಡಿಸಬೇಕು.

ಆದ್ದರಿಂದ ಹಡಗಿನ ದರ ವಿಚಾರಿಸುವ ಮೊದಲು ಒಂದು ಹಾಳೆಯಲ್ಲಿ ಹೋಗುವ ದೇಶಗಳನ್ನು ಸಾಲಾಗಿ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಮೂರು ವಿಷಯ ಗುರುತು ಹಾಕಿ: ಕಾರ್ನೆ ಬೇಕೋ ಬೇಡವೋ, ಗಾಡಿ ಎಷ್ಟು ದಿನ ಇರಬಹುದು, ನಿಮ್ಮ ವೀಸಾ ಎಷ್ಟು ದಿನದ್ದು. ವೀಸಾದ ಅವಧಿ ಮತ್ತು ಗಾಡಿಯ ಅವಧಿ ಬೇರೆ ಬೇರೆ. ನೀವು ಹೊರಬಿದ್ದು ಗಾಡಿ ಒಳಗೇ ಉಳಿದರೆ ಸುಂಕದ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ.

2. ಹೆಸರು ಮತ್ತು ನಂಬರು ಹೊಂದಿಸಿಕೊಳ್ಳುವುದು

ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲಿ. ನಮಗೆ ಇನಿಶಿಯಲ್ ಇದೆ, ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲ. ಆರ್‌ಸಿಯಲ್ಲಿ "ಮಂಜುನಾಥ ಕೆ ಎಸ್" ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಡಿಎಲ್‌ನಲ್ಲಿ ಹೆಸರಿನ ಕೊನೆಯ ಇಂಗ್ಲಿಷ್ 'ಎ' ಅಕ್ಷರವೇ ಬಿಟ್ಟುಹೋಗಿರುತ್ತದೆ. ಇಲ್ಲಿ ಆರ್‌ಟಿಒ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಬಂದರಿನ ಅಧಿಕಾರಿಗೆ ಅದು ಮೂರು ಬೇರೆ ಬೇರೆ ಮನುಷ್ಯರ ಕಾಗದ. ಪಾಸ್‌ಪೋರ್ಟನ್ನು ಮೂಲ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ, ಹಾಗಾಗಿ ಇದೇ ಮೊದಲ ಕೆಲಸವಾಗಲಿ.

ಗಾಡಿ ಅಪ್ಪನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರದಿಂದ ಕೆಲವು ಗಡಿ ದಾಟಬಹುದು. ನನ್ನ ಸಲಹೆ ಕೇಳಿದರೆ, ಹೊರಡುವ ಮುಂಚೆ ನಿಮ್ಮ ಹೆಸರಿಗೇ ವರ್ಗ ಮಾಡಿಸಿಕೊಂಡುಬಿಡಿ. ಸಾಲ ಇನ್ನೂ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೈಪಾಥಿಕೇಶನ್ ಎಂದು, ಅಂದರೆ ಗಾಡಿ ಅಡಮಾನದಲ್ಲಿದೆ ಎಂದು ನಮೂದಾಗಿರುತ್ತದೆ. ಸಾಧ್ಯವಾದರೆ ಸಾಲ ತೀರಿಸಿ ಆ ನಮೂದು ತೆಗೆಸಿ. ಆಗದಿದ್ದರೆ ಬ್ಯಾಂಕಿನಿಂದ ಎನ್‌ಒಸಿ ಪಡೆಯಿರಿ, ಅದರಲ್ಲಿ ದೇಶದ ಹೊರಗೆ ಒಯ್ಯಲು ಒಪ್ಪಿಗೆಯಿದೆ ಎಂದು ಸ್ಪಷ್ಟವಾಗಿ ಬರೆಸಿ.

ಇನ್ನು ಚಾಸಿ ನಂಬರು. ಹ್ಯಾಂಡಲ್ಲನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಸ್ಟೀರಿಂಗ್ ಕೊಳವೆಯ ಬದಿಗೆ ಟಾರ್ಚು ಹಿಡಿದು ನೋಡಿ. ನಾಲ್ಕು ಮಳೆಗಾಲ ಕಂಡ ಗಾಡಿಯಾದರೆ ಕೊರೆದ ಅಕ್ಷರಗಳ ಒಳಗೆ ಕೆಮ್ಮಣ್ಣು ಕೂತಿರುತ್ತದೆ, ಅಂಚಿನಲ್ಲಿ ತುಕ್ಕು ಬಂದಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಸೆಲ್ಲೋಟೇಪು ಅಂಟಿಸಿ ಮೇಲೆ ಪೆನ್ಸಿಲ್ ಉಜ್ಜಿ. ಆರ್‌ಟಿಒ ಏಜೆಂಟರು ಚಾಸಿ ಪ್ರಿಂಟ್ ತೆಗೆಯುವ ರೀತಿಯೇ ಇದು. ಆ ಪ್ರಿಂಟನ್ನು ಆರ್‌ಸಿಯ ಪಕ್ಕ ಇಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನನ್ನ ಮೊದಲ ಸಲ ಕಸ್ಟಮ್ಸ್ ಪರೀಕ್ಷೆಯಲ್ಲಿ ಒಂದು ಅಕ್ಷರ 'ಬಿ' ಯೋ 'ಎಂಟು' ಸಂಖ್ಯೆಯೋ ಎಂದು ಓದಲಾಗದೆ ಇಡೀ ಒಂದು ದಿನ ಗಾಡಿ ನಿಂತಿತ್ತು. ಎಂಜಿನ್ ನಂಬರಿಗೂ ಹೀಗೇ ಮಾಡಿ. ಎಂಜಿನ್ ಬದಲಿಸಿದ್ದು ಆರ್‌ಸಿಗೆ ಏರಿಲ್ಲವೆಂದರೆ ಅದನ್ನು ಸರಿಪಡಿಸದೆ ಮುಂದೆ ಹೋಗಲೇಬೇಡಿ.

ಕೆಎ-14 ಇರಲಿ, ಕೆಎ-15 ಇರಲಿ, ನಂಬರು ಫಲಕ ಇಂಗ್ಲಿಷ್ ಅಕ್ಷರದ ಎಚ್‌ಎಸ್‌ಆರ್‌ಪಿ ಆಗಿರಲಿ. ಹಿಂಬದಿಗೆ ಐಎನ್‌ಡಿ ಎಂಬ ಅಂಡಾಕಾರದ ಸ್ಟಿಕ್ಕರ್ ಬೇರೆಯಾಗಿ ಅಂಟಿಸಿ. ಅದು ಭಾರತದ ಗಾಡಿ ಎಂಬ ಅಂತರರಾಷ್ಟ್ರೀಯ ಗುರುತು.

3. ಕಾರ್ನೆ: ನಿಮ್ಮ ಬೈಕಿನ ಪಾಸ್‌ಪೋರ್ಟು

ಪೂರ್ತಿ ಹೆಸರು ಕಾರ್ನೆ ದ ಪಸಾಜ್ ಆಂ ದುವಾನ್. ಗಾಡಿಯನ್ನು ಒಳಗೆ ತಂದವನು ಮಾರದೆ ಹೊರಗೆ ಒಯ್ಯುತ್ತಾನೆ, ಒಯ್ಯದಿದ್ದರೆ ಸುಂಕಕ್ಕೆ ನಾವು ಹೊಣೆ ಎಂದು ಒಂದು ಸಂಘ ಕೊಡುವ ಖಾತರಿ ಪುಸ್ತಕ ಇದು. ನಮ್ಮ ದೇಶದಲ್ಲಿ ಇದಕ್ಕೆ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ನಿನಲ್ಲಿ ವಿಚಾರಿಸಬೇಕು. ಅವಧಿ ಒಂದು ವರ್ಷ. ಸಂಘ ಹೊಣೆ ಹೊರುವುದರಿಂದ ನಿಮ್ಮಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಮೊತ್ತ ಗಾಡಿಯ ಬೆಲೆಯ ಮೇಲೆ, ಹೋಗುವ ದೇಶದ ಸುಂಕದ ಮೇಲೆ ನಿಲ್ಲುತ್ತದೆ. ಹಣ ವಾಪಸು ಬರುತ್ತದೆ ನಿಜ, ಆದರೆ ಪ್ರವಾಸ ಮುಗಿದು ಪುಸ್ತಕ ಸರಿಯಾಗಿ ಮುಚ್ಚುವವರೆಗೆ ಅದು ಅಲ್ಲೇ ಕೂತಿರುತ್ತದೆ. ಬಜೆಟ್ ಹಾಕುವಾಗ ಆ ಹಣವನ್ನು ಕೈಯಲ್ಲಿಲ್ಲದ ಹಣ ಎಂದೇ ಎಣಿಸಿ.

ಪುಸ್ತಕದ ಪ್ರತಿ ಹಾಳೆಗೂ ಮೂರು ತುಂಡು. ದೇಶದ ಒಳಗೆ ಹೋಗುವಾಗ ಕೆಳಗಿನ ತುಂಡನ್ನು ಅಧಿಕಾರಿ ಹರಿದುಕೊಳ್ಳುತ್ತಾರೆ, ಹೊರಬರುವಾಗ ನಡುವಿನದನ್ನು. ಮೇಲಿನ ತುಂಡು ಪುಸ್ತಕದಲ್ಲೇ ಉಳಿಯುತ್ತದೆ, ಅದರ ಮೇಲೆ ಎರಡು ಮೊಹರು ಬೀಳಬೇಕು: ಒಂದು ಒಳಬಂದದ್ದಕ್ಕೆ, ಒಂದು ಹೊರಹೋದದ್ದಕ್ಕೆ. ಎರಡನೇ ಮೊಹರು ಬೀಳದಿದ್ದರೆ ಗಾಡಿ ಇನ್ನೂ ಆ ದೇಶದಲ್ಲೇ ಇದೆ ಎಂದು ಲೆಕ್ಕ, ಠೇವಣಿಗೆ ಕುತ್ತು. ರಾತ್ರಿ ಹೊತ್ತು ಗಡಿ ದಾಟುವಾಗ, ಮಳೆ ಸುರಿಯುವಾಗ, ಹಿಂದೆ ಲಾರಿಗಳು ಹಾರನ್ ಹೊಡೆಯುವಾಗ ಇದು ಬಿಟ್ಟುಹೋಗುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪುಸ್ತಕ ತೆರೆದು ಎರಡು ಮೊಹರು ಎಣಿಸಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಎಟಿಎ ಕಾರ್ನೆ ಎಂಬ ಇನ್ನೊಂದಿದೆ. ನಮ್ಮಲ್ಲಿ ಅದನ್ನು ಕೊಡುವುದು ಫಿಕ್ಕಿ ಎಂಬ ವಾಣಿಜ್ಯ, ಕೈಗಾರಿಕಾ ಒಕ್ಕೂಟ. ವಸ್ತುಪ್ರದರ್ಶನದ ಸರಕು, ವ್ಯಾಪಾರದ ಮಾದರಿ, ವೃತ್ತಿಯ ಸಲಕರಣೆಗಳಿಗೆ ಅದು. ಹೆಸರು ಕೇಳಿ ಅಲ್ಲಿಗೆ ಅರ್ಜಿ ಹಾಕಿ ತಿಂಗಳು ಕಳೆದುಕೊಳ್ಳಬೇಡಿ.

4. ಐಡಿಪಿ ಮತ್ತು ವಿಮೆ

ಐಡಿಪಿ ಎಂದರೆ ಅಂತರರಾಷ್ಟ್ರೀಯ ಚಾಲನಾ ಅನುಮತಿ. ನಮೂನೆ 4ಎ ಭರ್ತಿ ಮಾಡಿ ಆರ್‌ಟಿಒದಲ್ಲಿ ಪಡೆಯಬೇಕು, ಸಾರಥಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷ ನಡೆಯುತ್ತದೆ. ಬಹಳ ಬೇಗ ಮಾಡಿಸಿದರೆ ಗಾಡಿ ಸಮುದ್ರದಲ್ಲಿರುವಾಗಲೇ ಅವಧಿ ಕರಗುತ್ತದೆ. ಮೂಲ ಡಿಎಲ್ ಜೊತೆಗಿಲ್ಲದೆ ಐಡಿಪಿಗೆ ಬೆಲೆಯಿಲ್ಲ, ಎರಡನ್ನೂ ಒಯ್ಯಿರಿ.

ವಿಮೆಯಲ್ಲಿ ಎರಡು ಬಗೆ, ಗೊಂದಲ ಮಾಡಿಕೊಳ್ಳಬೇಡಿ. ರಸ್ತೆ ವಿಮೆ ಒಂದು. ನಮ್ಮ ಪಾಲಿಸಿಗೆ ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಮಾಲ್ಡೀವ್ಸ್‌ವರೆಗೆ ವಿಸ್ತರಿಸಿ ಕೊಡುತ್ತಾರೆ. ಅದರಾಚೆ ಆಯಾ ದೇಶದಲ್ಲೇ ಮೂರನೇ ವ್ಯಕ್ತಿ ವಿಮೆ ಕೊಳ್ಳಬೇಕು. ಇನ್ನೊಂದು ಸಾಗಣೆಯ ವಿಮೆ, ಇದಕ್ಕೆ ಮರೀನ್ ಪಾಲಿಸಿ ಎನ್ನುತ್ತಾರೆ. ಇದನ್ನು ಬಿಡಲೇಬೇಡಿ. ಹಡಗು ಅಪಾಯಕ್ಕೆ ಸಿಕ್ಕಿ, ಅದನ್ನು ಉಳಿಸಲು ಕೆಲವರ ಸರಕನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟವನ್ನು ಸರಕು ಕಳಿಸಿದವರೆಲ್ಲ ಹಂಚಿಕೊಳ್ಳಬೇಕು, ಇದು ಸಮುದ್ರ ವ್ಯಾಪಾರದ ಹಳೆಯ ನಿಯಮ. ಜನರಲ್ ಆವರೇಜ್ ಎಂದು ಇದರ ಹೆಸರು. ನಿಮ್ಮ ಬೈಕಿಗೆ ಒಂದು ಗೀರೂ ಬೀಳದಿದ್ದರೂ ಆ ಪಾಲು ಕಟ್ಟದೆ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಎಲ್ಲ ಅಪಾಯಗಳ ಮರೀನ್ ಪಾಲಿಸಿ ಇದ್ದರೆ ಅದನ್ನು ವಿಮೆ ಕಂಪನಿ ನೋಡಿಕೊಳ್ಳುತ್ತದೆ.

5. ಹಡಗೋ ವಿಮಾನವೋ, ಎಲ್ಲಿಂದ

ಶಿವಮೊಗ್ಗದಿಂದ ಹತ್ತಿರದ ಬಂದರು ಎಂದು ಪಣಂಬೂರಿನ ಕಡೆ ಮನಸ್ಸು ಓಡುತ್ತದೆ. ವಿಚಾರಿಸಿ ನೋಡಿ, ತಪ್ಪಿಲ್ಲ. ಆದರೆ ಒಂದೇ ಬೈಕು ಕಳಿಸುವವರಿಗೆ ಬೇಕಾಗುವುದು ಎಲ್‌ಸಿಎಲ್, ಅಂದರೆ ಹಲವರ ಬಿಡಿ ಸರಕು ಸೇರಿಸಿ ತುಂಬುವ ಕಂಟೇನರು. ಅವು ಹೆಚ್ಚಾಗಿ ಹೊರಡುವುದು ಚೆನ್ನೈ, ಮುಂಬೈಯ ನಾವಾ ಶೇವಾ ಬಂದರುಗಳಿಂದ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಳನಾಡು ಕಂಟೇನರ್ ಡಿಪೊ ಇದೆ, ಕಸ್ಟಮ್ಸ್ ಕೆಲಸ ಅಲ್ಲೇ ಮುಗಿದು ಕಂಟೇನರು ರೈಲಿನಲ್ಲಿ ಬಂದರಿಗೆ ಹೋಗುತ್ತದೆ. ನಮ್ಮವರಿಗೆ ಇದೇ ಅನುಕೂಲ ಎಂದು ನನಗನ್ನಿಸುತ್ತದೆ: ಪರೀಕ್ಷೆಗೆ ನೀವೇ ಹಾಜರಿರಬಹುದು, ಏನಾದರೂ ಕೊರತೆ ಬಿದ್ದರೆ ರಾತ್ರಿ ಬಸ್ಸಿಗೆ ಊರಿಗೆ ಬಂದು ಕಾಗದ ಒಯ್ಯಬಹುದು.

ಸೋಗಾನೆಯ ವಿಮಾನ ನಿಲ್ದಾಣದಿಂದ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿಂದ ಆಗುವುದಿಲ್ಲ, ವಿಮಾನದಲ್ಲಿ ಕಳಿಸುವುದಾದರೆ ಕೆಂಪೇಗೌಡ ನಿಲ್ದಾಣದ ಕಾರ್ಗೊ.

ಲೆಕ್ಕ ಹೀಗೆ. ಹಡಗಿನ ಬಿಡಿ ಸರಕಿಗೆ ಘನ ಮೀಟರು ಅಥವಾ ಟನ್ನು, ಯಾವುದು ಹೆಚ್ಚೋ ಅದರ ಮೇಲೆ ದರ. ಬೈಕಿನ ಪೆಟ್ಟಿಗೆ 2.2 ಮೀಟರು ಉದ್ದ, 0.9 ಅಗಲ, 1.2 ಎತ್ತರ ಇದ್ದರೆ ಸುಮಾರು 2.4 ಘನ ಮೀಟರು. ವಿಮಾನಕ್ಕೆ ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿ. ಇದೇ ಪೆಟ್ಟಿಗೆಗೆ 396 ಕೆಜಿ ಬರುತ್ತದೆ. ಗಾಡಿ ತೂಗುವುದು 200 ಕೆಜಿ ಇರಬಹುದು, ದುಡ್ಡು ಕಟ್ಟುವುದು 396ಕ್ಕೆ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ಇಳಿಸಿ, ಕನ್ನಡಿ, ವಿಂಡ್‌ಶೀಲ್ಡು, ಬದಿಯ ಪೆಟ್ಟಿಗೆ ತೆಗೆದು 190, 75, 105 ಸೆಂಟಿಮೀಟರಿಗೆ ತಂದರೆ ಅದೇ ಲೆಕ್ಕ 250 ಕೆಜಿಗೆ ಇಳಿಯುತ್ತದೆ. ಅರ್ಧ ದಿನ ಸ್ಪ್ಯಾನರು ಹಿಡಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಕೂಲಿ ಬೇರೆಲ್ಲೂ ಸಿಗುವುದಿಲ್ಲ.

ನಾಲ್ಕೈದು ಗೆಳೆಯರು ಒಟ್ಟಿಗೆ ಹೊರಟರೆ 20 ಅಡಿಯ ಕಂಟೇನರನ್ನೇ ಪೂರ್ತಿ ಹಿಡಿಯಬಹುದು, ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಆದರೆ ಒಬ್ಬರ ಕಾಗದ ತಪ್ಪಿದರೂ ಐದೂ ಗಾಡಿ ನಿಲ್ಲುತ್ತವೆ. ಹಡಗಿನ ದಿನಗಳನ್ನು ಹಿಗ್ಗಿಸಿಯೇ ಲೆಕ್ಕ ಹಾಕಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳು ಶುರುವಾದಾಗ ಯುರೋಪಿನ ಹಡಗುಗಳು ಸುಯೆಜ್ ಬಿಟ್ಟು ಆಫ್ರಿಕದ ತುದಿ ಸುತ್ತಬೇಕಾಯಿತು. ಗಾಡಿ ಬಂದರು ಮುಟ್ಟಿದ ಸುದ್ದಿ ಬಂದ ಮೇಲೆ ನಿಮ್ಮ ವಿಮಾನದ ಟಿಕೆಟ್ ತೆಗೆಯಿರಿ.

6. ದರ ಕೇಳುವ ರೀತಿ

"ಯುರೋಪಿಗೆ ಒಂದು ಬೈಕು, ಎಷ್ಟು?" ಎಂದು ಕೇಳಬೇಡಿ. ಇಲ್ಲಿಂದ ಹೊರಡುವ ಬಾಡಿಗೆ ಕಡಿಮೆ ಹೇಳಿ, ಆ ಕಡೆಯ ಖರ್ಚನ್ನು ನಿಮ್ಮ ತಲೆಗೆ ಕಟ್ಟುವುದು ಈ ವ್ಯವಹಾರದಲ್ಲಿ ಮಾಮೂಲಿ. ಇಳಿಸುವ ಕೂಲಿ, ಗೋದಾಮಿನ ಬಾಡಿಗೆ, ಕಂಟೇನರ್ ಬಿಚ್ಚಿ ಸರಕು ಬೇರ್ಪಡಿಸುವ ಖರ್ಚು, ಡೆಲಿವರಿ ಆರ್ಡರಿನ ಶುಲ್ಕ ಎಲ್ಲ ಸೇರಿದರೆ ಹಡಗಿನ ಬಾಡಿಗೆಯನ್ನೇ ಮೀರಬಹುದು. ಗಾಡಿ ಸಾಗಿಸಿಕೊಡುವ ಏಜೆಂಟನಿಗೆ ಹೀಗೆ ಬರೆಯಿರಿ: "ಇಳಿಯುವ ಬಂದರಿನಲ್ಲಿ ಗಾಡಿ ನನ್ನ ಕೈಗೆ ಸಿಗುವವರೆಗಿನ ಪ್ರತಿ ಖರ್ಚನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಿ. ಆ ಕಡೆಯ ನಿಮ್ಮ ಪ್ರತಿನಿಧಿಯ ಹೆಸರು, ವಿಳಾಸ ಕೊಡಿ. ಗೋದಾಮಿನಲ್ಲಿ ಎಷ್ಟು ದಿನ ಉಚಿತ?" ಉಚಿತ ದಿನ ಮುಗಿದ ಮೇಲೆ ದಿನಲೆಕ್ಕದಲ್ಲಿ ಏರುವ ಬಾಡಿಗೆಗೆ ಡೆಮರೇಜ್ ಎನ್ನುತ್ತಾರೆ. ಇದಕ್ಕೆ ಲಿಖಿತ ಉತ್ತರ ಕೊಡದ ಏಜೆಂಟನನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗ ಹೇಳಲಿ.

7. ತೊಳೆಯುವುದು

ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಹೊರಗಿನ ಮಣ್ಣು, ಬೀಜ, ಹುಳುವನ್ನು ಒಳಗೆ ಬಿಡುವುದಿಲ್ಲ. ಸ್ವಲ್ಪ ಕಂಡರೂ ನಿಮ್ಮ ಖರ್ಚಿನಲ್ಲಿ ತೊಳೆಸುತ್ತಾರೆ, ಇಲ್ಲವೇ ವಾಪಸು ಕಳಿಸುತ್ತಾರೆ. ನಮ್ಮ ಗಾಡಿಗಳೋ ತೋಟದ ದಾರಿ, ಹೊಳೆದಂಡೆ ಸುತ್ತಿದವು. ಎಂಜಿನ್ ಅಡಿಯ ತಗಡು ಬಿಚ್ಚಿದರೆ ಒಳಗೆ ಕೆಮ್ಮಣ್ಣು ಇಟ್ಟಿಗೆಯಂತೆ ಒಣಗಿ ಕೂತಿರುತ್ತದೆ, ಒಡೆದರೆ ನಡುವೆ ಹುಲ್ಲಿನ ಬೀಜ, ಕೊಳೆತ ಎಲೆಯ ಚೂರು ಕಾಣುತ್ತವೆ. ಮಡ್‌ಗಾರ್ಡಿನ ಒಳಮೈ, ರೇಡಿಯೇಟರಿನ ಸಂದು, ಸೀಟಿನ ಅಡಿ, ಏರ್ ಫಿಲ್ಟರಿನ ಡಬ್ಬಿ, ಟೈರಿನ ಕಚ್ಚು ಎಲ್ಲ ನೋಡಬೇಕು. ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು ಕೆದಕಿ, ಬಣ್ಣಕ್ಕೆ ಗೀರು ಬೀಳುವುದಿಲ್ಲ. ಬೆಂಗಳೂರಿನವರೆಗೆ ಓಡಿಸಿಕೊಂಡು ಹೋಗುವುದಾದರೆ ಕೊನೆಯ ತೊಳೆತ ಅಲ್ಲಿ, ಪ್ಯಾಕ್ ಮಾಡುವ ಜಾಗದ ಪಕ್ಕದಲ್ಲಿ.

ಆಸ್ಟ್ರೇಲಿಯಾಕ್ಕೆ ಹಳೆಯ ಗಾಡಿ ಒಯ್ಯುವವರು ಬ್ರೇಕ್ ಪ್ಯಾಡು, ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇಲ್ಲವೆಂದು ಖಾತರಿ ಮಾಡಿಕೊಳ್ಳಬೇಕು, ಅಲ್ಲಿ ಅದಕ್ಕೆ 2003ರ ಕೊನೆಯಿಂದ ಪೂರ್ಣ ನಿಷೇಧ. ಬದಿಯ ಪೆಟ್ಟಿಗೆಯಲ್ಲಿ ಅಮ್ಮ ಇಟ್ಟುಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಜೇಬಿನ ಮೂಲೆಯಲ್ಲಿ ಉಳಿದ ಅಡಿಕೆ ಹೋಳು ಕೂಡ ಹೊರಗೆ ತೆಗೆಯಿರಿ. ಅಡಿಕೆ ನಮಗೆ ಬೆಳೆ, ಅವರಿಗೆ ಬೀಜ.

8. ಪೆಟ್ಟಿಗೆ ಮತ್ತು ಕಟ್ಟುವುದು

ಊರಿನ ಮರದ ಮಿಲ್ಲಿನಲ್ಲಿ ಅಗ್ಗದ ಹಲಗೆ ಸಿಗುತ್ತದೆ, ಬಡಗಿಯೂ ಪರಿಚಯ. ಆದರೂ ಅಲ್ಲಿ ಪೆಟ್ಟಿಗೆ ಮಾಡಿಸಬೇಡಿ. ಹೊರದೇಶಕ್ಕೆ ಹೋಗುವ ಮರದ ಹಲಗೆಯ ಪೆಟ್ಟಿಗೆಗೆ ಐಎಸ್‌ಪಿಎಂ 15 ಎಂಬ ನಿಯಮವಿದೆ: ಮರದ ತಿರುಳು 56 ಡಿಗ್ರಿಗೆ ಏರಿ 30 ನಿಮಿಷ ಇರುವಂತೆ ಕಾಯಿಸಬೇಕು ಅಥವಾ ನಿಗದಿತ ಹೊಗೆ ಕೊಡಬೇಕು, ಆಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ ಹಲಗೆ ಬಂದರಿನಲ್ಲೇ ಸಿಕ್ಕಿಬೀಳುತ್ತದೆ. ಪ್ಲೈವುಡ್ಡಿಗೆ ಈ ನಿಯಮವಿಲ್ಲ, ಆದರೆ ಅದರ ಅಡಿಯ ರೀಪರುಗಳಿಗೆ ಇದೆ. ಷೋರೂಮಿಗೆ ಬೈಕು ಬರುವ ಕಬ್ಬಿಣದ ಚೌಕಟ್ಟು ಸಿಕ್ಕಿದರೆ ಇನ್ನೂ ಒಳ್ಳೆಯದು.

ಕಟ್ಟುವಾಗ ಪಟ್ಟಿಯನ್ನು ಹ್ಯಾಂಡಲ್ಲಿಗೆ ಹಾಕಬೇಡಿ, ಫೋರ್ಕನ್ನು ಹಿಡಿದಿರುವ ಕೆಳಗಿನ ಕ್ಲ್ಯಾಂಪಿಗೆ ಹಾಕಿ. ಸಸ್ಪೆನ್ಶನ್ನನ್ನು ಅರ್ಧದಷ್ಟು ಮಾತ್ರ ಅದುಮಿ. ಪೂರ್ತಿ ಅದುಮಿ ತಿಂಗಳುಗಟ್ಟಲೆ ಇಟ್ಟರೆ ಫೋರ್ಕಿನ ಸೀಲು ಎಣ್ಣೆ ಬಿಡುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ಭಾರ ಬಿಡಬೇಡಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಎರಡು ತುದಿಗೂ ಟೇಪು ಸುತ್ತಿ. ಬೈಕು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 3166 ಸಂಖ್ಯೆಯಡಿ ಬರುತ್ತದೆ. ವಿಮಾನಕ್ಕಾದರೆ ಟ್ಯಾಂಕನ್ನು ಸಾಧ್ಯವಾದಷ್ಟೂ ಬರಿದು ಮಾಡಬೇಕು, ಉಳಿದರೂ ಕಾಲು ಭಾಗ ಮೀರಬಾರದು. ಈ ಬಗೆಯ ಸರಕಿನ ಘೋಷಣಾ ಪತ್ರ ತರಬೇತಿ ಪಡೆದವರೇ ಬರೆಯಬೇಕು, ಏಜೆಂಟನಲ್ಲಿ ಅಂಥವರಿದ್ದಾರೆಯೇ ಕೇಳಿ.

ಮಲೆನಾಡಿನವರಿಗೆ ಬೂಷ್ಟು ಹೊಸದಲ್ಲ. ಕಂಟೇನರಿನ ಒಳಗೂ ಅದೇ ಕತೆ: ಹಗಲು ಕಾದು ರಾತ್ರಿ ತಣಿದು ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಚೈನು, ಡಿಸ್ಕ್ ಬಿಟ್ಟು ಉಳಿದ ಬೋಲ್ಟುಗಳಿಗೆ ತೆಳುವಾಗಿ ಎಣ್ಣೆ, ಚೈನಿಗೆ ಅದರದೇ ಲೂಬ್, ಡಿಸ್ಕಿಗೆ ಏನೂ ಬೇಡ. ಸಿಲಿಕಾ ಜೆಲ್ಲಿನ ಪೊಟ್ಟಣ ಒಳಗಿಡಿ. ಜುಲೈ ತಿಂಗಳಲ್ಲಿ ಊರಿನಲ್ಲೇ ಪ್ಲಾಸ್ಟಿಕ್ ಸುತ್ತಿ ಮುಚ್ಚಿದರೆ ನಮ್ಮ ತೇವವನ್ನೇ ಒಳಗೆ ಕಟ್ಟಿ ಕಳಿಸಿದಂತಾಗುತ್ತದೆ, ಒಣಗಿದ ಜಾಗದಲ್ಲಿ ಒಂದು ದಿನ ನಿಲ್ಲಿಸಿ ಆಮೇಲೆ ಸುತ್ತಿ.

9. ಕಸ್ಟಮ್ಸ್ ದಿನ

ಶಿಪ್ಪಿಂಗ್ ಬಿಲ್ ಎಂದರೆ ರಫ್ತಿನ ಅರ್ಜಿ. ಅದನ್ನು ಕಸ್ಟಮ್ಸ್ ಬ್ರೋಕರ್ ಸಲ್ಲಿಸುತ್ತಾರೆ. ವ್ಯಾಪಾರಕ್ಕಲ್ಲದ ಸ್ವಂತ ಬಳಕೆಯ ವಸ್ತುವಿಗೆ ರಫ್ತುದಾರರ ಐಇಸಿ ಸಂಖ್ಯೆ ಬೇಡ, ಬೇಕೆಂದು ಹೇಳಿ ಅದಕ್ಕೊಂದು ಶುಲ್ಕ ಕೀಳುವವರಿದ್ದಾರೆ. ಬಿಲ್ಲಿನಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ತಾತ್ಕಾಲಿಕವಾಗಿ ಹೋಗಿ ವಾಪಸು ಬರುತ್ತದೆ ಎಂಬ ಮಾತು ಇದೆಯೇ ಎಂದು ನೀವೇ ಓದಿ. "ಒಂದು ಬಳಸಿದ ಬೈಕು" ಎಂದಷ್ಟೇ ಬರೆದು ಮುಗಿಸುವುದುಂಟು, ಒಪ್ಪಬೇಡಿ. ವಾಪಸು ಬಂದಾಗ ನಿಮ್ಮನ್ನು ಸುಂಕದಿಂದ ಉಳಿಸುವುದು ಆ ಎರಡು ನಂಬರು.

ಗಾಡಿಯ ಜೊತೆ ಹೆಲ್ಮೆಟ್ಟು, ಟೂಲು, ಬಿಡಿಭಾಗ ಹೋಗುತ್ತಿದ್ದರೆ ಪ್ಯಾಕಿಂಗ್ ಪಟ್ಟಿಯಲ್ಲಿ ಒಂದೊಂದನ್ನೂ ಬರೆಯಿರಿ.

10. ಆ ಕಡೆ ಬಿಡಿಸಿಕೊಳ್ಳುವುದು

ಹಡಗು ಕಂಪನಿ ಸರಕು ಪಡೆದದ್ದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗ್ ರಸೀದಿಯೂ ಹೌದು, ಹಕ್ಕುಪತ್ರವೂ ಹೌದು. ಮೂಲ ಪ್ರತಿ ಇಲ್ಲದೆ ಸರಕು ಕೊಡದಿರಬಹುದು. ಅದನ್ನು ನಿಮ್ಮ ಜೊತೆಗೇ ಒಯ್ಯಿರಿ, ಅಥವಾ ಮೂಲ ಪ್ರತಿ ಇಲ್ಲೇ ಒಪ್ಪಿಸಿ ಆ ಕಡೆಗೆ ಸಂದೇಶ ಕಳಿಸುವ ಟೆಲೆಕ್ಸ್ ರಿಲೀಸ್ ಕೇಳಿ. ಪಡೆಯುವವರ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಶುಕ್ರವಾರ ಮಧ್ಯಾಹ್ನ ಹೋಗಿ ನಿಲ್ಲುವುದಕ್ಕಿಂತ ಸೋಮವಾರ ಬೆಳಗ್ಗೆ ಹೋಗುವುದು ಒಳ್ಳೆಯದು. ಪೆಟ್ಟಿಗೆ ಒಡೆಯುವ ಮುಂಚೆ ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಏಟು ಬಿದ್ದಿದ್ದರೆ ಗೋದಾಮಿನವರ ಸಹಿ ಪಡೆದ ಮೇಲೆಯೇ ಮುಟ್ಟಿ, ಇಲ್ಲದಿದ್ದರೆ ಮರೀನ್ ವಿಮೆಯ ಹಕ್ಕು ಹೋಗುತ್ತದೆ. ಬಲಬದಿಯಲ್ಲಿ ಓಡಿಸುವ ದೇಶವಾದರೆ ಹೆಡ್‌ಲೈಟಿಗೆ ಬೆಳಕು ತಿರುಗಿಸುವ ಸ್ಟಿಕ್ಕರ್ ಅಂಟಿಸಿ. ನಮ್ಮ ದೀಪದ ಎತ್ತಿದ ಅಂಚು ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಗಾಡಿ ಕಳುವಾದರೆ, ಅಪಘಾತದಲ್ಲಿ ಪೂರ್ತಿ ಹಾಳಾದರೆ ಬಿಟ್ಟುಬರಬೇಡಿ. ಪೊಲೀಸ್ ವರದಿ ಮತ್ತು ಕಸ್ಟಮ್ಸ್ ಪತ್ರ ಎರಡೂ ಕೈಗೆ ಬರದೆ ಕಾರ್ನೆ ಮುಚ್ಚುವುದಿಲ್ಲ.

11. ವಾಪಸು

ಹೋದ ಗಾಡಿ ಅದೇ ಮಾಲೀಕರ ಹೆಸರಿನಲ್ಲಿ ವಾಪಸು ಬಂದರೆ ಸುಂಕದ ವಿನಾಯಿತಿಗೆ ಕಸ್ಟಮ್ಸ್ ಅಧಿಸೂಚನೆ ಇದೆ, ಸಾಮಾನ್ಯ ಅವಧಿ 3 ವರ್ಷ. ಶಿಪ್ಪಿಂಗ್ ಬಿಲ್ಲಿನ ಪ್ರತಿ, ಕಾರ್ನೆ, ಆರ್‌ಸಿ, ಹೊರಡುವಾಗ ತೆಗೆದ ಚಾಸಿ ಪ್ರಿಂಟು ನಾಲ್ಕನ್ನೂ ಒಂದೇ ಕಡತದಲ್ಲಿಟ್ಟು ಬ್ರೋಕರಿಗೆ ಕೊಡಿ. ಕಾರ್ನೆಯ ಹಿಂಬದಿಯಲ್ಲಿ ಗಾಡಿ ಎಲ್ಲಿದೆ ಎಂದು ದೃಢೀಕರಿಸುವ ಪುಟವಿದೆ, ಅದಕ್ಕೆ ನಮ್ಮ ಕಸ್ಟಮ್ಸಿನ ಸಹಿ, ಮೊಹರು ಹಾಕಿಸಿಕೊಳ್ಳಿ. ಆಮೇಲೆ ಪುಸ್ತಕದ ಪ್ರತಿ ಹಾಳೆಯ ಫೋಟೊ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಸಂಘಕ್ಕೆ ಕಳಿಸಿ, ಠೇವಣಿ ಬಿಡುಗಡೆಯ ಪತ್ರ ಕೇಳಿ. ಇಷ್ಟರಲ್ಲಿ ಇಲ್ಲಿಯ ವಿಮೆ, ಹೊಗೆ ತಪಾಸಣೆಯ ಚೀಟಿ ಎರಡೂ ಮುಗಿದಿರುತ್ತವೆ. ಬಂದರಿನಿಂದ ಗಾಡಿ ಹತ್ತಿ ಊರ ಕಡೆ ತಿರುಗಿಸುವ ಮೊದಲು ವಿಮೆಯನ್ನು ಫೋನಿನಲ್ಲೇ ಹೊಸದು ಮಾಡಿಕೊಳ್ಳಿ, ಹೊಗೆ ತಪಾಸಣೆಯನ್ನು ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಮಾಡಿಸಿ.